ಮೂರನೆಯ ಸಾಮಾನು

ನಮ್ಮೂರಿನಲ್ಲಿ ಎದುರಿಗೆ ಸಿಕ್ಕವರನ್ನು ಯಾರೂ ಊಟ ಆಯ್ತಾ ಎಂದು ಕೇಳುವುದಿಲ್ಲ. ‘ಮೂರನೇದು ಏನು?’ ಎಂದು ಕೇಳುತ್ತಾರೆ. ಬೀಗರು ಬಂದರೂ ಅದೇ ಮಾತು, ನಲ್ಲಿಯ ಮುಂದೆ ಕೊಡ ಹಿಡಿದು ನಿಂತಾಗಲೂ ಅದೇ ಮಾತು, ಸಾವಿನ ಮನೆಯಲ್ಲಿ ಕೂತಾಗ ಮಾತ್ರ ಸ್ವಲ್ಪ ದನಿ ತಗ್ಗಿಸಿ ಅದೇ ಮಾತು. ಹೊರಗಿನಿಂದ ಬಂದವರಿಗೆ ನಾವು ತಲೆಕೆಟ್ಟವರ ಹಾಗೆ ಕಾಣುತ್ತೇವೆ. ಕಾಣಲಿ, ನಮಗೇನು. ನಮ್ಮ ಕೆರೆಯ ಮೇಲೆ ಹೋಗುವವರು ದೋಣಿಯಲ್ಲಿ ಮೂರು ಸಾಮಾನು ಒಯ್ಯಬಹುದು. ನಾಲ್ಕನೆಯದು ಇತ್ತೋ, ದೋಣಿ ತಾನಾಗಿ ಹೊರಳಿ ಮೆಟ್ಟಿಲಿಗೆ ವಾಪಸು ಬರುತ್ತದೆ. ನೀವು ಬೆವರು ಕಿತ್ತುಬರುವ ಹಾಗೆ ಹುಟ್ಟು ಹಾಕಿ, ಬಾಯಿಗೆ ಬಂದಂತೆ ಬೈಯಿರಿ, ಕೈಮುಗಿಯಿರಿ, ಸಂಜೆ ಕೊಟ್ಟಿಗೆಗೆ ಹೊರಟ ಎಮ್ಮೆಯ ಹಾಗೆ ಅದು ತನ್ನ ಪಾಡಿಗೆ ದಡ ಸೇರಿಕೊಳ್ಳುತ್ತದೆ.

ಹುಟ್ಟು ಒಂದು, ಗಾಳದ ಕೋಲು ಎರಡು. ಇದರಲ್ಲಿ ಯಾರದೂ ತಕರಾರಿಲ್ಲ. ಕೋಲು, ಅದಕ್ಕೆ ಕಟ್ಟಿದ ತಂಗೂಸಿ ದಾರ, ದಾರದ ತುದಿಯ ಗಾಳ, ಗಾಳಕ್ಕೆ ಸಿಕ್ಕಿಸಿದ ಬಣ್ಣದ ಮರದ ಮೀನು, ಇಷ್ಟನ್ನೂ ಕೆರೆ ಒಂದೇ ಸಾಮಾನು ಎಂದು ಒಪ್ಪಿಕೊಳ್ಳುತ್ತದೆ. ಅಷ್ಟರಮಟ್ಟಿಗೆ ಅದರದು ದೊಡ್ಡ ಮನಸ್ಸು. ಆದರೆ ಇರಲಿ ಎಂದು ಇನ್ನೊಂದು ಮರದ ಮೀನನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರೆ ಅದು ಬೇರೆ ಸಾಮಾನು. ಉಟ್ಟ ಸೀರೆ, ಕೊರಳ ತಾಳಿ, ಕಿವಿಯ ಓಲೆ ಲೆಕ್ಕಕ್ಕಿಲ್ಲ, ಕೈಗಡಿಯಾರ ಮಾತ್ರ ಲೆಕ್ಕಕ್ಕುಂಟು. ಯಾಕೆ ಎಂದು ಕೆರೆಯನ್ನು ಕೇಳುವವರು ಯಾರು? ಎಲೆಅಡಿಕೆ ಚೀಲದ ಬಾಯಿ ಕಟ್ಟಿದ್ದರೆ ಒಂದು, ಬಿಚ್ಚಿದರೆ ಎಲೆ ಬೇರೆ, ಅಡಿಕೆ ಬೇರೆ, ಸುಣ್ಣ ಬೇರೆ. ನಡುಕೆರೆಯಲ್ಲಿ ಎಲೆ ಹಾಕಿಕೊಳ್ಳಲು ಹೋಗಿ, ಮೀನು ಕಚ್ಚುವ ಹೊತ್ತಿಗೆ ಸರಿಯಾಗಿ ದಡಕ್ಕೆ ಬಂದು ಬಿದ್ದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಹಿಡಿದ ಮೀನನ್ನು ಮಾತ್ರ ಕೆರೆ ಎಣಿಸುವುದಿಲ್ಲ. ಅದು ಕೆರೆಯದೇ ತಾನೆ.

ಹಾಗಾಗಿ ಮೂರನೆಯದು ಏನು ಎನ್ನುವುದೇ ನಮ್ಮ ಪೂರ್ತಿ ಬದುಕಿನ ತಲೆನೋವು. ಕೈಬಲೆ ಒಯ್ದರೆ ಸಿಕ್ಕ ಮೀನು ಕೈತಪ್ಪುವುದಿಲ್ಲ, ಆದರೆ ಹಸಿದುಕೊಂಡು ಕೂರಬೇಕು. ಬುತ್ತಿ ಒಯ್ದರೆ ಹೊಟ್ಟೆ ತಣ್ಣಗಿರುತ್ತದೆ, ಮೀನು ಮಾತ್ರ ದೋಣಿಯ ಅಂಚಿನವರೆಗೆ ಬಂದು ನಮ್ಮ ಮುಖ ನೋಡಿಕೊಂಡು ಹೋಗುತ್ತದೆ. ಪಕ್ಕದ ಮನೆಯ ಜವರಮ್ಮ ಹಗ್ಗ ಕಟ್ಟಿದ ಕಲ್ಲಿನವಳು. ದೋಣಿ ಗಾಳಿಗೆ ತೇಲದೆ ಒಂದು ಕಡೆ ನಿಂತರೆ ಅರ್ಧ ಮೀನು ಹಿಡಿದಂತೆ ಎನ್ನುವುದು ಅವಳ ವಾದ. ಛತ್ರಿ ಒಯ್ಯುವ ಮನೆಯವರಿಗೆ ಬಲೆಯ ಮನೆಯವರು ಹೆಣ್ಣು ಕೊಡಲು ಹಿಂದೆ ಮುಂದೆ ನೋಡುತ್ತಾರೆ. ಛತ್ರಿಯವರು ಸುಖಜೀವಿಗಳು, ಮನೆ ಉದ್ಧಾರ ಮಾಡುವವರಲ್ಲ ಎಂದು ಅವರ ಲೆಕ್ಕ.

ಒಂದು ಸಲ ಪೇಟೆಯ ಕಡೆಯ ಮನುಷ್ಯನೊಬ್ಬ ಕಾರಿನ ನೆತ್ತಿಯ ಮೇಲೆ ಹಳದಿ ಪ್ಲಾಸ್ಟಿಕ್ಕಿನ ದೋಣಿ ಕಟ್ಟಿಕೊಂಡು ಬಂದಿದ್ದ. ಅದಕ್ಕೆ ಕಯಾಕ್ ಎನ್ನುತ್ತಾರಂತೆ. ನೋಡಿದರೆ ನಮ್ಮ ಒಂಟಿ ದೋಣಿಯೇ, ಒಬ್ಬರು ಕಾಲು ಚಾಚಿ ಕೂರುವಂಥದು, ಬಣ್ಣ ಮಾತ್ರ ಕಣ್ಣು ಕುಕ್ಕುತ್ತಿತ್ತು. ಕೋಲುಗಳ ಕಟ್ಟು, ಐಸ್ ಡಬ್ಬಿ, ಕ್ಯಾಮೆರಾ, ಡಬ್ಬಿಯೊಳಗೆ ಡಬ್ಬಿ, ಮೀನು ಎಲ್ಲಿದೆ ಎಂದು ತೋರಿಸುವ ಯಂತ್ರ. ಬೆಳಗಿನಿಂದ ಮಧ್ಯಾಹ್ನದವರೆಗೆ ಅವನು ಹೋಗುವುದು, ದೋಣಿ ವಾಪಸು ಬರುವುದು. ನಾವೆಲ್ಲ ಮೆಟ್ಟಿಲ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಾ ನೋಡಿದೆವು. ಕೊನೆಗೆ ಅಷ್ಟನ್ನೂ ದಡದಲ್ಲಿ ರಾಶಿ ಹಾಕಿ, ಹುಟ್ಟು, ಒಂದು ಕೋಲು, ಒಂದು ಟೋಪಿಯಲ್ಲಿ ಹೋದ. ಸಂಜೆ ಬರುವಾಗ ಬರಿಗೈ. ಆದರೂ ಮುಖ ಹೂವಿನ ಹಾಗಿತ್ತು, ಪಾಪ. ರಾತ್ರಿ ಉಳಿದುಕೊಂಡವನು ಊಟಕ್ಕೆ ಕೂತು ನಮ್ಮನ್ನೇ ಕೇಳಿದ, ‘ನಾಳೆ ಮೂರನೇದು ಏನು ತಗೊಂಡು ಹೋಗ್ಲಿ?’

ಇನ್ನು ನನ್ನ ವಿಷಯ. ನನ್ನ ಹೆಸರು ದೇವೀರಮ್ಮ. ಈ ಊರಿನ ಮಗಳು, ಈ ಕೆರೆಯ ಮಗಳು ಎಂದರೂ ಆದೀತು. ನಮ್ಮ ಕೆರೆಯಲ್ಲಿ ಎಂಥೆಂಥದೋ ಮೀನುಗಳಿವೆ, ಆದರೆ ನಾನು ಮೀನು ಅಂದರೆ ಅದು ಬಾಳೆ ಮೀನು. ಮೈಮೇಲೆ ಒಂದು ಹುರುಪೆ ಇಲ್ಲ, ಎರಡು ಉದ್ದನೆಯ ಮೀಸೆ, ಬಾಯಿ ತೆರೆದರೆ ತಲೆಯೇ ಎರಡು ಹೋಳಾದಂತೆ, ಒಳಗೆ ಮುಳ್ಳಿನಂಥ ಹಲ್ಲು. ಮುಳುಗಿದ ಮರದ ಬೊಡ್ಡೆಯ ನೆರಳಿನಲ್ಲಿ ಸುಮ್ಮನೆ ಮಲಗಿರುತ್ತದೆ. ಅದರ ಮೂಗಿನ ಮುಂದೆ ಮರದ ಮೀನನ್ನು ಗಾಯವಾದ ಮರಿಯ ಹಾಗೆ ಕುಂಟಿಸುತ್ತಾ ಎಳೆಯಬೇಕು. ಕೋಲು ಉದ್ದ ಇರಬಾರದು. ಕೂತೇ ಆಡಬೇಕಾದ ದೋಣಿಯಲ್ಲಿ ಉದ್ದ ಕೋಲು ಹಿಡಿದರೆ ಮೀನು ಪಕ್ಕಕ್ಕೆ ಬರುವಷ್ಟರಲ್ಲಿ ತುದಿ ಆಕಾಶದಲ್ಲಿರುತ್ತದೆ. ಗಾಳದ ಹತ್ತಿರ ಒಂದು ಗೇಣು ತಂತಿ ಇರಬೇಕು, ಇಲ್ಲದಿದ್ದರೆ ಆ ಹಲ್ಲಿಗೆ ದಾರ ನಿಲ್ಲುವುದಿಲ್ಲ. ನೀರು ಕದಡಿದ್ದರೆ ಕೆಂಪು ಮರದ ಮೀನು, ತಿಳಿಯಾಗಿದ್ದರೆ ಬೂದು. ಇದನ್ನೆಲ್ಲ ನನಗೆ ಕಲಿಸಿದ್ದು ನನ್ನ ಸೋದರತ್ತೆ, ಪಕ್ಕದ ದೋಣಿಯಲ್ಲಿ ಕೂತು ಬೈದು ಬೈದು.

ನನ್ನ ಗಂಡ ಚನ್ನಿಗಪ್ಪ ಟೈಲರು. ಗುಡ್ಡದ ಆಚೆಯ, ನೀರಿಗೆ ಬಡತನವಿದ್ದ ಊರಿನಿಂದ ಹೊಲಿಗೆ ಮಿಷನ್ನು ಹೊತ್ತು ಬಂದವರು ಇಲ್ಲೇ ನಿಂತರು, ನನ್ನಿಂದಾಗಿ. ಮೂವತ್ತು ಚಿಲ್ಲರೆ ವರ್ಷವಾಯಿತು, ಇದುವರೆಗೆ ಕೆರೆಯ ನೀರಿಗೆ ಪಾದ ತಾಗಿಸಿದವರಲ್ಲ. ಮೆಟ್ಟಿಲ ಮೇಲೆ ನಿಂತರೂ ಒಂದು ಕೈಯಲ್ಲಿ ಪಕ್ಕದವರ ಭುಜ ಹಿಡಿದೇ ನಿಲ್ಲುವ ಪುಕ್ಕಲು. ನಾನು ಕೆರೆಗೆ ಹೋದಾಗ ಜಗಲಿಯಲ್ಲಿ ಮಿಷನ್ನು ತುಳಿಯುತ್ತಾ ಕೂರುತ್ತಾರೆ. ನಾನು ಬಂದೆನೋ, ಸದ್ದು ನಿಲ್ಲುತ್ತದೆ. ‘ಬಂದ್ಯಾ?’ ಎನ್ನುತ್ತಾರೆ. ಅಷ್ಟೇ ಮಾತು. ನಮಗೆ ಮಕ್ಕಳಿಲ್ಲ, ಮನೆ ಎಂದರೆ ಅವರೊಬ್ಬರೇ.

ಮನೆಯ ಮಾತು ಯಾಕೆ ಬಂತೆಂದರೆ ದಡದ ದಿನದಿಂದಾಗಿ. ನಮ್ಮಲ್ಲಿ ಅರವತ್ತು ತುಂಬಿದವರು ಒಂದು ಬೆಳಿಗ್ಗೆ ಕೆರೆಗಿಳಿದು, ಸೂರ್ಯ ನೆತ್ತಿಗೆ ಬರುವುದರೊಳಗೆ ಒಂದು ಬಾಳೆ ಮೀನು ತರಬೇಕು. ತಂದರೆ ದೋಣಿ ಸಾಯುವವರೆಗೂ ಅವರದು. ಇಲ್ಲದಿದ್ದರೆ ದೋಣಿ ಬೇರೆಯವರಿಗೆ, ಅವರು ದಡಕ್ಕೆ. ಆವತ್ತು ಮೂರನೆಯ ಸಾಮಾನನ್ನು ಆರಿಸುವ ಹಕ್ಕು ಹೋಗುವವರಿಗಿಲ್ಲ. ಮನೆಯವರು ಆರಿಸಿ, ಹೊಸ ಬಟ್ಟೆ ಹೊದಿಸಿ ಮೆಟ್ಟಿಲಿಗೆ ತರಬೇಕು. ಅರವತ್ತು ವರ್ಷ ಕೆರೆಯ ಮಾತು ಕೇಳಿದ್ದಾಯಿತು, ಈಗ ಮನೆಯ ಮಾತೂ ಒಂದು ಸಲ ಕೇಳಲಿ ಎಂದು ಹಿರಿಯರು ಮಾಡಿಟ್ಟದ್ದು. ನನಗೆ ದೋಣಿ ತಪ್ಪಿದರೆ ಅದು ಜವರಮ್ಮನ ಸೊಸೆಗೆ ಎಂದು ಮೊದಲೇ ತೀರ್ಮಾನವಾಗಿತ್ತು. ಆ ಹುಡುಗಿ ಒಳ್ಳೆಯವಳೇ. ಆದರೂ ನನ್ನ ದೋಣಿಯ ಪಕ್ಕ ಹಾದು ಹೋಗುವಾಗಲೆಲ್ಲ ಅದರ ಅಂಚನ್ನು ಸವರಿ ಹೋಗುತ್ತಿದ್ದಳು. ಅದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ದಡದ ದಿನ ಹತ್ತಿರ ಬಂದಂತೆ ನಾನು ಗಂಡನ ಕಿವಿಯಲ್ಲಿ ಒಂದೇ ಜಪ ಮಾಡಿದೆ: ಕೈಬಲೆ. ಬಾಳೆಯನ್ನು ದೋಣಿಯ ಪಕ್ಕಕ್ಕೆ ತರುವುದು ನನಗೆ ಬಿಡಿ, ನೀರು ಕುಡಿದಷ್ಟು ಸಲೀಸು. ಅದನ್ನು ಮೇಲಕ್ಕೆ ಎತ್ತುವುದರಲ್ಲೇ ಇರುವುದು ಸಂಕಟ. ಕೊನೆಯ ಕೊಡವಿಗೆ ದಾರ ಹರಿದುಹೋಗುತ್ತದೆ. ಅನ್ನ ಬಡಿಸುವಾಗ ಕೈಬಲೆ ಎಂದೆ, ದೀಪ ಹಚ್ಚುವಾಗ ಕೈಬಲೆ ಎಂದೆ. ಬಲೆಯನ್ನೇ ತಂದು ಅವರ ಮಿಷನ್ನಿನ ಮೇಲೆ ನೇತುಹಾಕಿದೆ.

‘ನೋಡಾಣ ಕಣೇ’ ಎಂದರು, ಕತ್ತರಿಯಿಂದ ಕಣ್ಣೆತ್ತದೆ.

‘ನೋಡೋದೇನ್ರೀ ಅದರಲ್ಲಿ? ಕೈಬಲೆ ಅಲ್ದೆ ಇನ್ನೇನು ಕೊಡ್ತೀರಿ, ನಿಮ್ಮ ಇಸ್ತ್ರಿಪೆಟ್ಟಿಗೇನಾ?’

‘ಮನೆಯೋರು ಆರಿಸ್ಬೇಕು ಅಂತ ತಾನೆ ಇರೋದು? ಆರಿಸ್ತೀನಿ ಬಿಡು.’

ನನಗೆ ಭಯ ಹುಟ್ಟಿದ್ದೇ ಆಗ. ಈ ಮನುಷ್ಯನಿಗೆ ನಾನು ಕೆರೆಗೆ ಹೋಗುವುದು ಯಾವತ್ತೂ ಹಿಡಿಸಿರಲಿಲ್ಲ. ಈಗ ಬೇಕೆಂದೇ ಕೆಲಸಕ್ಕೆ ಬಾರದ ಸಾಮಾನೊಂದನ್ನು ಕೊಟ್ಟು ನನ್ನನ್ನು ಜಗಲಿಯಲ್ಲಿ ಗುಂಡಿ ಹೊಲಿಯಲು ಕೂರಿಸಿಕೊಂಡರೆ? ಹಾಗೆ ಮಾಡುವವರಲ್ಲ ಎಂದು ಒಂದು ಮನಸ್ಸು ಹೇಳುತ್ತಿತ್ತು. ಇನ್ನೊಂದು ಮನಸ್ಸು ಅದರ ಬಾಯಿ ಮುಚ್ಚಿಸುತ್ತಿತ್ತು.

ಆ ಬೆಳಿಗ್ಗೆ ಊರೆಲ್ಲ ಮೆಟ್ಟಿಲ ಮೇಲಿತ್ತು. ಇಂಥದರ ತೀರ್ಪು ಹೇಳುವ ಯಜಮಾನರು ಹೊನ್ನೇಗೌಡರು ಮೇಲಿನ ಕಟ್ಟೆಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಹಿಂದಿನ ರಾತ್ರಿಯ ಗಾಳಿಗೆ ನೀರು ಕದಡಿತ್ತು. ನಾನು ಗಿಡ್ಡ ಕೋಲಿಗೆ ಕೆಂಪು ಮರದ ಮೀನು ಕಟ್ಟಿಕೊಂಡು, ಹುಟ್ಟು ಹಿಡಿದು ದೋಣಿಯಲ್ಲಿ ಕೂತೆ. ಮನೆಯ ಕಡೆ ನೋಡಿದರೆ, ಬೀದಿಯಲ್ಲಿ ತಲೆಯಿಂದ ಕಾಲಿನವರೆಗೆ ಹೊಸ ಹಸಿರು ಬಟ್ಟೆ ಹೊದ್ದುಕೊಂಡ ಆಕೃತಿಯೊಂದು ಪಾದದಲ್ಲಿ ದಾರಿ ತಡವುತ್ತಾ ಬರುತ್ತಿದೆ! ಮೊದಲು ಕೋಲೆಬಸವ ಬಂದಿರಬೇಕು ಎಂದುಕೊಂಡೆ. ಅದು ಮೆಟ್ಟಿಲಿಳಿಯಿತು, ಒಂದು ಕಡೆ ಎಡವಿತು, ಯಾರದೋ ಭುಜ ಹಿಡಿದುಕೊಂಡಿತು. ಭುಜ ಹಿಡಿದ ರೀತಿಯಲ್ಲೇ ನನಗೆ ಗೊತ್ತಾಗಿಹೋಯಿತು.

‘ಏನಪ್ಪಾ ಚನ್ನಿಗಪ್ಪ, ಮೂರನೇದು ಎಲ್ಲಿ?’ ಎಂದರು ಗೌಡರು.

ನನ್ನ ಗಂಡ ಬಟ್ಟೆ ಸರಿಸಿ ತಲೆ ಹೊರಗೆ ಹಾಕಿದರು. ‘ತಂದಿದೀನಲ್ಲ ಯಜಮಾನ್ರೇ. ನಾನೇ.’

ಜವರಮ್ಮ ನಕ್ಕಳು ನೋಡಿ, ಇಡೀ ಮೆಟ್ಟಿಲು ಬಿದ್ದು ಬಿದ್ದು ನಕ್ಕಿತು. ಗೌಡರು ಕೈ ಎತ್ತಿ ಸುಮ್ಮನಾಗಿಸಿದರು. ‘ಮನುಷ್ಯ ಹೆಂಗಯ್ಯಾ ಸಾಮಾನಾಯ್ತಾನೆ?’

‘ಇಷ್ಟು ವರ್ಷದಿಂದ ಇವಳು ನನ್ನನ್ನ ಮನೇಲಿ ಇನ್ನೆಂಗೆ ಇಟ್ಕೊಂಡಿದಾಳೆ ಅಂದ್ಕೊಂಡ್ರಿ? ಮೂಲೇಲಿ ಇಡ್ತಾಳೆ, ಬೇಕಾದಾಗ ತಗೀತಾಳೆ. ಕೇಳಿ ಬೇಕಾದ್ರೆ.’

ಮತ್ತೆ ನಗು. ನನಗೆ ಮಾತ್ರ ನಗು ಬರಲಿಲ್ಲ. ಒಂಟಿ ದೋಣಿಯಲ್ಲಿ ಇಬ್ಬರು ಕೂತದ್ದನ್ನು ಯಾರೂ ಕಂಡಿಲ್ಲ, ಕೇಳಿಲ್ಲ. ಕೈಬಲೆ ಹೋಯಿತು, ದೋಣಿಯೂ ಹೋಯಿತು. ‘ರೀ, ನಿಮಗೆ ದಮ್ಮಯ್ಯ ಅಂತೀನಿ, ಮನೆಗೆ ಹೋಗಿ ಬಲೆ ತನ್ನಿ’ ಎಂದೆ. ಅವರು ತಲೆಯಾಡಿಸಿದರು. ಒಮ್ಮೆ ಬಟ್ಟೆ ಸರಿಸಿದ ಮೇಲೆ ಸಾಮಾನು ಬದಲಿಸುವಂತಿಲ್ಲ ಎಂದರು ಗೌಡರು. ಒಯ್ಯುವುದೋ ಬಿಡುವುದೋ, ಅದು ಕೆರೆಗೆ ಸೇರಿದ್ದು ಎಂದೂ ಹೇಳಿದರು.

ಚನ್ನಿಗಪ್ಪ ಬಡಕಲು ಆಸಾಮಿ. ಹಸಿರು ಬಟ್ಟೆಯನ್ನು ಮೆಟ್ಟಿಲ ಮೇಲೇ ಬಿಟ್ಟು, ದೋಣಿಯ ಮುಂಭಾಗದಲ್ಲಿ ಹಿಡಿದ ಮೀನು ಹಾಕುವ ತಗ್ಗಿನಲ್ಲಿ, ಮೊಣಕಾಲನ್ನು ಗದ್ದಕ್ಕೆ ಒತ್ತಿಕೊಂಡು ನನಗೆ ಎದುರಾಗಿ ಕೂತರು. ಎರಡು ಕೈಯಲ್ಲೂ ಅಂಚು ಹಿಡಿದು ಕಣ್ಣು ಮುಚ್ಚಿಕೊಂಡರು. ನಾನು ಹಲ್ಲು ಕಚ್ಚಿ ಹುಟ್ಟು ಹಾಕಿದೆ. ನಾಲ್ಕು ಮಾರು ಹೋಗಿದ್ದೆವೋ ಇಲ್ಲವೋ, ದೋಣಿ ಹೊರಳಿತು, ತಣ್ಣಗೆ ಮೆಟ್ಟಿಲಿಗೆ ಬಂದು ನಿಂತಿತು.

‘ಕನ್ನಡಕ!’ ಎಂದು ಯಾರೋ ಕೂಗಿದರು. ಹತ್ತಿರದ ಕೆಲಸಕ್ಕೆ ಹಾಕುವ ಕನ್ನಡಕ ಜೇಬಿನಲ್ಲಿತ್ತು. ತೆಗೆದುಕೊಟ್ಟು ಮತ್ತೆ ಹೊರಟೆವು. ಮತ್ತೆ ಹೊರಳಿತು. ಈ ಸಲ ಜವರಮ್ಮನ ಸೊಸೆಯೇ ಬಗ್ಗಿ ನೋಡಿ, ಅವರ ಅಂಗಿಯ ಕಾಲರಿನಲ್ಲಿ ಚುಚ್ಚಿದ್ದ ಸೂಜಿಯನ್ನು ಎಳೆದು ತೆಗೆದಳು. ಅವಳು ಒಳ್ಳೆಯ ಹುಡುಗಿ ಎಂದೆನಲ್ಲ. ಮತ್ತೆ ಹೊರಟೆವು. ಮತ್ತೆ ಹೊರಳಿತು. ಬಿಸಿಲು ಏರುತ್ತಿತ್ತು. ಇನ್ನೇನು ಉಳಿದಿದೆ ಎಂದು ಊರೆಲ್ಲ ಅವರನ್ನು ಮೇಲಿನಿಂದ ಕೆಳಗೆ ನೋಡುತ್ತಿದ್ದರೆ, ಅವರು ಬಾಯಿಯ ಮೇಲೆ ಕೈ ಇಟ್ಟುಕೊಂಡು ಕೂತರು.

ನನಗೆ ಹೊಳೆಯಿತು. ಹಲ್ಲಿನ ಸೆಟ್ಟು! ಅದನ್ನು ಕಟ್ಟಿಸಿಕೊಂಡ ಮೇಲೆ ಅವರ ಬೊಚ್ಚುಬಾಯಿಯನ್ನು ನಾನೂ ನೋಡಿರಲಿಲ್ಲ. ಬಚ್ಚಲಿನ ಕದ ಹಾಕಿಕೊಂಡೇ ತೊಳೆದುಕೊಳ್ಳುತ್ತಿದ್ದ, ಅಷ್ಟು ಮರ್ಯಾದೆಯ ಮನುಷ್ಯ. ‘ಬೇಡಿ, ಇಳಿದುಬಿಡಿ’ ಎಂದೆ ಮೆಲ್ಲಗೆ. ಅವರು ನನ್ನ ಮುಖ ನೋಡಿದರು. ಆಮೇಲೆ ಊರವರೆಲ್ಲರ ಎದುರು, ಹಗಲು ಬೆಳಕಿನಲ್ಲಿ, ಮೇಲಿನದು ಕೆಳಗಿನದು ಎರಡನ್ನೂ ತೆಗೆದು ಜವರಮ್ಮನ ಅಂಗೈಯಲ್ಲಿಟ್ಟರು. ಯಾರೂ ನಗಲಿಲ್ಲ. ಜವರಮ್ಮ ಅದನ್ನು ಸೆರಗಿನಲ್ಲಿ ಮುಚ್ಚಿ ಹಿಡಿದುಕೊಂಡಳು.

ಈ ಸಲ ದೋಣಿ ಹೊರಳಲಿಲ್ಲ.

ನಡುಕೆರೆಯವರೆಗೆ ನಾನು ಬಾಯಿ ಬಿಚ್ಚಲಿಲ್ಲ. ಆಮೇಲೆ ಬಿಚ್ಚಿದೆ, ಬಿಚ್ಚಿದ ಮೇಲೆ ಬಿಡಲಿಲ್ಲ. ನಿಮಗೆ ನಾನು ದಡಕ್ಕೆ ಬೀಳುವುದೇ ಬೇಕಾಗಿತ್ತು, ಊರ ಮುಂದೆ ನನ್ನ ಮಾನ ಕಳೆದಿರಿ, ಬಲೆಗೆ ಕಾಲು ಬಂದಿದ್ದರೆ ಅದೇ ನಡೆದು ಬರುತ್ತಿತ್ತು, ನಿಮಗಿಂತ ಅದೇ ವಾಸಿ ಎಂದೆ. ಅವರು ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡರು.

‘ಮುಗೀತಾ?’ ಎಂದರು ಕೊನೆಗೆ, ಹಲ್ಲಿಲ್ಲದ ಮೆತ್ತನೆಯ ದನಿಯಲ್ಲಿ. ‘ಬಲೆ ತಂದು ಇಡ್ಬೇಕು ಅಂತಾನೇ ಇದ್ದೆ. ಆಮೇಲೆ ಒಂದು ಯೋಚನೆ ಬಂತು. ದಿನಾ ನೀನು ಇಲ್ಲಿಗೆ ಬರ್ತೀಯ, ವಾಪಸ್ ಬಂದಾಗ ನಿನ್ನ ಮುಖ ಬೇರೇನೇ ಇರ್ತದೆ. ನಾನು ಜಗಲೀಲಿ ಕೂತು ಅದನ್ನ ನೋಡ್ತೀನಿ, ಅಷ್ಟೇಯ. ಇವತ್ತು ನೀನು ಸೋತ್ರೆ, ನೀರಿನ ಮೇಲೆ ನೀನು ಹೆಂಗಿರ್ತೀಯ ಅಂತ ನಾನು ನೋಡ್ದೇನೇ ಸತ್ತೋಯ್ತೀನಲ್ಲ. ಅದಕ್ಕೇ ಬಂದೆ. ತಪ್ಪಾಯ್ತು ಅಂದ್ರೆ ತಪ್ಪೇ.’

‘ಕಣ್ಣು ಮುಚ್ಕೊಂಡು ಕೂತ್ರೆ ಏನ್ರೀ ಕಾಣುತ್ತೆ?’ ಎಂದೆ. ಬೇಕೆಂದೇ ಜೋರಾಗಿ ಗದರಿದೆ.

ಅವರು ಒಂದೊಂದೇ ಕಣ್ಣು ಬಿಟ್ಟರು. ನನ್ನನ್ನು ನೋಡಿದರು. ಯಾವ ಗಂಡಸೂ ಮದುವೆಯ ದಿನ ಹೆಂಡತಿಯನ್ನು ಅಷ್ಟು ಹೊತ್ತು ನೋಡಿರಲಾರ. ನಾನು ಕೋಲು ಬೀಸಿದೆ. ಬೊಡ್ಡೆಗಳ ಪಕ್ಕ ಎಳೆದೆ, ಜೊಂಡಿನ ಅಂಚಿನಲ್ಲಿ ಎಳೆದೆ, ಆಳಕ್ಕೆ ಬಿಟ್ಟು ಎಳೆದೆ. ಏನೂ ಇಲ್ಲ. ಇಬ್ಬರ ಭಾರಕ್ಕೆ ದೋಣಿ ನೀರಿನ ಮಟ್ಟಕ್ಕೆ ಇಳಿದಿತ್ತು. ಬಿಸಿಲು ನೆತ್ತಿಗೆ ಹತ್ತಿರವಾಗುತ್ತಿತ್ತು. ಮೆಟ್ಟಿಲ ಮೇಲೆ ಗೌಡರು ಎದ್ದು ನಿಂತದ್ದು ಇಲ್ಲಿಂದಲೇ ಕಾಣುತ್ತಿತ್ತು.

‘ದೇವೀರಿ, ನಿನ್ನ ಬೆನ್ನ ಹಿಂದೆ, ಎಡಕ್ಕೆ. ನೀರು ಹೊಲಿಗೆ ಬಿಟ್ಟಂಗೆ ಸರ್ರಂತ ಹೋಗ್ತಾ ಅದೆ. ಸಣ್ಣ ಮೀನು ಮೇಲಕ್ಕೆ ಎಗರ್ತಾ ಅವೆ.’

ಹೊಲಿಗೆ ಎಂದರೆ ಅವರ ಕಣ್ಣು ತಪ್ಪುವುದಿಲ್ಲ. ನಾನು ಸೊಂಟ ತಿರುಗಿಸಿ, ನೋಡಲೂ ಹೋಗದೆ, ಅವರು ಹೇಳಿದ ಕಡೆಗೆ ಬೀಸಿದೆ. ಮರದ ಮೀನು ನೀರಿಗೆ ಬಿದ್ದ ಮರುಗಳಿಗೆಯೇ ಕೋಲು ಕೈಯಿಂದ ಕಿತ್ತುಹೋಗುವ ಹಾಗೆ ಬಾಗಿತು. ಬಾಳೆ! ದೋಣಿಯನ್ನೇ ಎಳೆದುಕೊಂಡು ಬೊಡ್ಡೆಯತ್ತ ನುಗ್ಗಿತು. ನಾನು ಕೋಲನ್ನು ನೀರಿಗೆ ಅಡ್ಡ ಹಿಡಿದು ಅದರ ತಲೆ ತಿರುಗಿಸಿದೆ. ದಾರ ಬಿಟ್ಟೆ, ಎಳೆದೆ, ಮತ್ತೆ ಬಿಟ್ಟೆ. ಚನ್ನಿಗಪ್ಪ ಕೂಗುತ್ತಿದ್ದರು, ಏನು ಎಂದು ಅವರಿಗೂ ಗೊತ್ತಿರಲಿಲ್ಲ. ಕೊನೆಗೆ ಸೋತ ಮೀನು ಪಕ್ಕಕ್ಕೆ ಬಂದು ಹೊಟ್ಟೆ ತೋರಿಸಿತು. ಅವರ ತೋಳಿನಷ್ಟು ಉದ್ದ ಇತ್ತು, ತೋಳಿಗಿಂತ ದಪ್ಪ ಇತ್ತು. ಎತ್ತುವುದು ಹೇಗೆ? ಅದು ಕೊನೆಯ ಸಲ ಕೊಡವಲು ಮೈ ಬಿಗಿದದ್ದು ದಾರದಲ್ಲೇ ನನಗೆ ತಿಳಿಯಿತು.

ಆಗ ನನ್ನ ಗಂಡ, ಮೆಟ್ಟಿಲ ಮೇಲೂ ಭುಜ ಹಿಡಿದು ನಿಲ್ಲುವ ಮನುಷ್ಯ, ಎರಡೂ ಕೈಯನ್ನು ಅಂಚಿನಿಂದ ಬಿಟ್ಟು ನೀರಿಗೆ ಬಾಗಿ ಅದನ್ನು ತಬ್ಬಿಕೊಂಡರು. ದೋಣಿ ವಾಲಿತು, ನೀರು ಒಳಗೆ ನುಗ್ಗಿತು, ನಾನು ಇನ್ನೊಂದು ಕಡೆಗೆ ಮೈ ಚೆಲ್ಲಿ ಸರಿತೂಗಿಸಿದೆ. ಮೀನಿನ ಬಾಲ ಅವರ ಕೆನ್ನೆಗೆ ಫಟಾರನೆ ಬಿತ್ತು. ಬಿಡಲಿಲ್ಲ. ಕಿರುಚುತ್ತಾ, ನಗುತ್ತಾ, ಮೀಸೆಯ ಮೀನನ್ನು ಎದೆಗೆ ಅವಚಿಕೊಂಡು ತಗ್ಗಿನೊಳಗೆ ಬಿದ್ದರು.

ವಾಪಸು ಬರುವಾಗ ನನಗೆ ಇನ್ನೊಂದು ನೆನಪಾಯಿತು. ನಮ್ಮಲ್ಲಿ ಮೀನಿಗಾಗಿ ಬೇಕಾದಷ್ಟು ಹೊಡೆದಾಟ ಆಗಿದ್ದರಿಂದ ಒಂದು ಕಟ್ಟಳೆ ಇದೆ: ನೀರಿನಿಂದ ಎತ್ತಿದ ಕೈ ಯಾರದೋ, ಮೀನು ಅವರದು. ಬಲೆ ಹಿಡಿದ ಕೈ ನನ್ನದಾಗಿದ್ದರೆ ತೊಂದರೆಯಿರಲಿಲ್ಲ. ‘ರೀ, ದಡದಲ್ಲಿ ನೀವು ತುಟಿ ಪಿಟಕ್ಕನ್ನಬೇಡಿ. ಹಲ್ಲಿಲ್ಲ ಅನ್ನೋದೇ ನೆಪ ಆಗ್ಲಿ. ಗೌಡರಿಗೆ ನಾನು ಹೇಳ್ಕೋತೀನಿ’ ಎಂದೆ. ಅವರು ಮಗುವಿನ ಹಾಗೆ ತಲೆಯಾಡಿಸಿದರು. ಮೀನಿನ ಮೀಸೆ ಸವರುತ್ತಾ ಕೂತಿದ್ದರು, ಕೇಳಿಸಿಕೊಂಡರೋ ಇಲ್ಲವೋ.

ನಾವು ಮೆಟ್ಟಿಲು ಮುಟ್ಟುವಾಗ ಬಿಸಿಲು ನೆತ್ತಿಗೆ ಇನ್ನೂ ಕೂದಲೆಳೆಯಷ್ಟು ದೂರವಿತ್ತು. ಊರು ಕೇಕೆ ಹಾಕಿತು. ಜವರಮ್ಮ ಹಲ್ಲಿನ ಸೆಟ್ಟನ್ನು ತೊಳೆದು ತಂದುಕೊಟ್ಟಳು, ಅವರು ಆ ಕಡೆ ತಿರುಗಿ ಹಾಕಿಕೊಂಡರು. ಹಲ್ಲು ಬಂದದ್ದೇ ತಡ, ಎದೆ ಉಬ್ಬಿತು, ಕೊರಳು ಎದ್ದಿತು. ಗೌಡರು ಎಂದಿನಂತೆ ಕೇಳಿದರು, ‘ನೀರಿನಿಂದ ಎತ್ತಿದ ಕೈ ಯಾರ್ದು?’

ನಾನು ಬಾಯಿ ತೆರೆಯುವುದರೊಳಗೆ, ನನ್ನ ಕಾಲು ಅವರ ಕಾಲನ್ನು ತುಳಿಯುವುದರೊಳಗೆ, ಎರಡೂ ಕೈಯನ್ನು ಆಕಾಶಕ್ಕೆ ಎತ್ತಿ ಚನ್ನಿಗಪ್ಪ ಕೂಗಿದರು: ‘ನಂದು! ಈ ಕೈಯೇ! ಎರಡೂ ಕೈ!’

ಕೇಕೆ ನಿಂತುಹೋಯಿತು. ಅವರ ಕೈ ಇನ್ನೂ ಮೇಲೇ ಇತ್ತು. ಯಾಕೆ ಎಲ್ಲರೂ ಸುಮ್ಮನಾದರು ಎಂದು ನನ್ನ ಕಡೆ ನೋಡಿದರು, ನನ್ನ ಮುಖ ನೋಡಿದ ಮೇಲೆ ಕೈ ನಿಧಾನವಾಗಿ ಕೆಳಗಿಳಿಯಿತು. ಗೌಡರು ಬಹಳ ಹೊತ್ತು ಗಡ್ಡ ಕೆರೆದುಕೊಂಡರು. ‘ದೇವೀರಮ್ಮ ಬಾಳೆ ತರ್ಲಿಲ್ಲ. ದೋಣಿ ಅವಳಿಗಿಲ್ಲ’ ಎಂದರು. ಜವರಮ್ಮನ ಸೊಸೆ ತಲೆ ತಗ್ಗಿಸಿದಳು. ‘ಆದ್ರೆ ಚನ್ನಿಗಪ್ಪ ತಂದಿದಾನೆ. ಅರವತ್ತು ದಾಟಿದೋರು ಬಾಳೆ ತಂದ್ರೆ, ತಂದ ದೋಣಿ ಅವರು ಸಾಯೋವರೆಗೂ ಅವರ್ದೇ. ಇವನು ಅರವತ್ತು ದಾಟಿ ಎಷ್ಟು ಕಾಲವಾಯ್ತು. ದೋಣಿ ಇವನ್ದು.’

‘ನೀರು ಕಂಡ್ರೆ ನಡುಗೋನಿಗೆ ದೋಣಿಯಾ?’ ಎಂದಳು ಜವರಮ್ಮ.

‘ನಡುಗಬಾರ್ದು ಅಂತ ಕಟ್ಟಳೆ ಎಲ್ಲಿದೆ?’ ಎಂದರು ಗೌಡರು.

ಆವತ್ತಿನ ಮೀನಿನ ಸಾರು ಹೇಗಿತ್ತೋ ನನಗೆ ಗೊತ್ತಿಲ್ಲ. ನಾನು ಉಣ್ಣಲಿಲ್ಲ. ಅವರು ಬಾಳೆಯ ತಲೆಯನ್ನು ನನ್ನ ತಟ್ಟೆಗೆ ಹಾಕಿದರು, ನಾನು ವಾಪಸು ಅವರ ತಟ್ಟೆಗೆ ಹಾಕಿದೆ. ತಪ್ಪಾಯಿತು ಎಂದು ಅವರು ಎಷ್ಟು ಸಲ ಹೇಳಿದರೋ ದೇವರೇ ಬಲ್ಲ. ಅವರನ್ನು ಬೈಯಲೂ ನನ್ನಲ್ಲಿ ಶಕ್ತಿ ಇರಲಿಲ್ಲ. ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಮನಸಾರೆ ಅತ್ತೆ. ದೋಣಿ ಹೋಯಿತು ಎಂಬ ದುಃಖ ಒಂದು ಕಡೆ. ಜೀವ ಕೈಯಲ್ಲಿ ಹಿಡಿದುಕೊಂಡು ನನಗೋಸ್ಕರ ನೀರಿಗೆ ಬಂದವರ ಮೇಲೆ ಸರಿಯಾಗಿ ಸಿಟ್ಟು ಮಾಡಿಕೊಳ್ಳಲೂ ಆಗುತ್ತಿಲ್ಲವಲ್ಲ ಎಂಬ ಸಂಕಟ ಇನ್ನೊಂದು ಕಡೆ.

ಮಾರನೆಯ ಬೆಳಿಗ್ಗೆ ಮಿಷನ್ನಿನ ಸದ್ದು ಕೇಳಲಿಲ್ಲ. ಹೊರಗೆ ಬಂದು ನೋಡಿದರೆ ಅವರು ಪಂಚೆ ಎತ್ತಿಕಟ್ಟಿ, ಒಂದು ಕೈಯಲ್ಲಿ ಹುಟ್ಟು ತಲೆಕೆಳಗಾಗಿ ಹಿಡಿದು, ಇನ್ನೊಂದರಲ್ಲಿ ನನ್ನ ಗಿಡ್ಡ ಕೋಲು ಹಿಡಿದು ನಿಂತಿದ್ದರು. ಜೇಬುಗಳನ್ನು ಹೊರಮಗ್ಗುಲಾಗಿ ಎಳೆದುಬಿಟ್ಟಿದ್ದರು. ಬಾಯಲ್ಲಿ ಹಲ್ಲು ಇರಲಿಲ್ಲ.

‘ಎಲ್ಲಿಗ್ರೀ?’ ಎಂದೆ.

‘ಕೆರೆಗೆ. ದೋಣಿ ನಂದಲ್ವಾ? ಇವತ್ತು ಸಾಮಾನು ಆರಿಸೋನೂ ನಾನೇ. ಹುಟ್ಟು ಒಂದು, ಕೋಲು ಎರಡು.’ ಸ್ವಲ್ಪ ತಡೆದು ನನ್ನ ಕಡೆ ನೋಡಿದರು. ‘ಮೂರನೇದು ಬರುತ್ತೋ ಇಲ್ವೋ ಅಂತ ಕಾಯ್ತಾ ನಿಂತಿದೀನಿ. ಬರ್ದಿದ್ರೆ ಮುಳುಗಿ ಹೋಯ್ತೀನಿ, ಅದಂತೂ ಖಾತ್ರಿ.’

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಬೀದಿಯುದ್ದಕ್ಕೂ ಕಿಟಕಿಗಳಲ್ಲಿ ತಲೆಗಳಿದ್ದವು, ಇರಲಿ ಎಂದು ನಡೆದೆ. ಮೆಟ್ಟಿಲಿನಲ್ಲಿ ಜವರಮ್ಮ ಏನೋ ಹೇಳಲು ಬಾಯಿ ತೆರೆದವಳು, ಸುಮ್ಮನೆ ದೋಣಿಯ ಅಂಚು ಹಿಡಿದುಕೊಟ್ಟಳು. ಅವಳ ಸೊಸೆಗೆ ಮುಂದಿನ ಖಾಲಿ ದೋಣಿ ಎಂದು ಗೌಡರು ಆಗಲೇ ಮಾತು ಕೊಟ್ಟಿದ್ದರಂತೆ. ಒಡೆಯನಾದ ಚನ್ನಿಗಪ್ಪ ನನ್ನ ಜಾಗದಲ್ಲಿ ಕೂತರು. ನಾನು ಮೀನಿನ ತಗ್ಗಿನಲ್ಲಿ, ಮೊಣಕಾಲು ಮಡಚಿ, ಅವರಿಗೆ ಎದುರಾಗಿ ಕೂತೆ. ಅವರು ಹುಟ್ಟನ್ನು ನೀರಿಗೆ ಹಾಕಿದರು. ದೋಣಿ ಇದ್ದಲ್ಲೇ ಒಂದು ಸುತ್ತು ಹಾಕಿತು. ಇನ್ನೊಂದು ಸುತ್ತು ಹಾಕಿತು.

‘ಎಡಗಡೆ ಹಾಕ್ರೀ! ಅಷ್ಟು ಆಳಕ್ಕಲ್ಲ, ಮೇಲೆ ಮೇಲೆ. ಅಯ್ಯೋ, ಮೊದ್ಲು ಕಣ್ಣು ಬಿಡಿ!’

‘ಸಾಮಾನು ಮಾತಾಡಬಾರ್ದು ಕಣೇ’ ಎಂದರು ನನ್ನ ಗಂಡ.

ನಾನು ಬಾಯಿ ಮುಚ್ಚಿಕೊಂಡು ಕೂತೆ. ಎಷ್ಟು ಹೊತ್ತು ಅಂತೀರಿ? ದೋಣಿ ಮೆಟ್ಟಿಲಿನಿಂದ ಒಂದು ಮಾರು ದೂರ ಹೋಗುವವರೆಗೆ.